ಹೊಳ್ಳಿ ಬಂದ ಸೀರೆ

ಏಕೀಕರಣಕ್ಕೆ ಎರಡು ವರ್ಷ ಮುಂಚಿನ ಮಾತು. ನಾನಾಗ ರೋಣ ತಾಲ್ಲೂಕಿನ ಹೆಲ್ತ್ ವಿಜಿಟರ್. ಮನೆಮನೆಗೆ ಹೋಗಿ ಬಸುರಿ, ಬಾಣಂತಿ, ಕೂಸುಗಳ ಆರೋಗ್ಯ ವಿಚಾರಿಸುವವಳು. ಆ ಚಳಿಗಾಲ ಮೇಲಿನ ಕಚೇರಿಯಿಂದ ಒಂದು ಮಸೂದೆಯ ಕರಡು ಅಭಿಪ್ರಾಯಕ್ಕೆ ಬಂತು. ಖಾಸಗಿ ವೈದ್ಯರು ಪ್ರತಿ ಭೇಟಿಗೆ ಗೊತ್ತುಪಡಿಸಿದ ಕಡಿಮೆ ಫೀಯನ್ನಷ್ಟೇ ಪಡೆಯಬೇಕು. ಬೇರೆ ಯಾವ ರೂಪದಲ್ಲಿ ಏನು ಪಡೆದರೂ ಲೈಸೆನ್ಸ್ ರದ್ದು. ಇದರಿಂದ ಬಡವರಿಗೆ ಎಷ್ಟು ಉಳಿತಾಯವಾದೀತೆಂದು ವಿಚಾರಿಸಿ ವರದಿ ಕೊಡುವ ಕೆಲಸ ನನ್ನ ಪಾಲಿಗೆ ಬಿತ್ತು. ಕರಡು ಓದಿ ನನಗೆ ಖುಷಿಯೇ ಆಗಿತ್ತು.

ಹೊಳೆಮಣ್ಣೂರು, ಅಸೂಟಿಗಳಲ್ಲಿ ರೈತರು ಹೊಗಳಿದರು. ಗಜೇಂದ್ರಗಡದ ನೇಕಾರರ ಓಣಿಯಲ್ಲಿ ಮಾತ್ರ ಯಾರೂ ಬಾಯಿ ಬಿಡಲಿಲ್ಲ. ನೇಕಾರ ವೀರಪ್ಪನ ಮನೆಯಲ್ಲಿ ಮಗ್ಗ ನಿಂತಿತ್ತು, ಅವನು ಕಟ್ಟೆಯ ಮೇಲೆ ಸುಮ್ಮನೆ ಕೂತಿದ್ದ. ನನಗೆ ಅದು ಸರಿ ಕಾಣಲಿಲ್ಲ. ಒಳಗೆ ಹೋದೆ.

ಬಾಣಂತಿ ಕೋಣೆಯ ಕೆಂಡದ ಬಿಸಿಯಲ್ಲೂ ಅವನ ಹೆಂಡತಿ ನೀಲವ್ವ ಗಡಗಡ ನಡುಗುತ್ತಿದ್ದಳು. ಪಕ್ಕದಲ್ಲಿ ಅಳುತ್ತಿದ್ದ ಕೂಸಿನ ಪರಿವೆಯೇ ಅವಳಿಗಿರಲಿಲ್ಲ. ಹೆರಿಗೆಯ ನಂಜು ಮೈಗೇರಿತ್ತು. ಹೊರಗೆ ಬಂದು ವೀರಪ್ಪನನ್ನು ಕೇಳಿದೆ:

"ಡಾಕ್ಟರನ್ನ ಯಾಕ ಕರಸಿಲ್ಲೋ?"

"ಹ್ಯಾಂಗ ಕರೀಲ್ರಿ ಬಾಯಾರ?" ಎಂದ. "ಫೀ ಬದಲಿ ಡಾಕ್ಟರಿಗೆ ವರ್ಷಕ್ಕೊಂದು ಸೀರಿ ಕೊಡತೀವಿ, ಯಾವಾಗ ಕರದ್ರೂ ಬರತಾರ. ದೀಪಾವಳಿಗೆ ಕೊಟ್ಟಿದ್ದನ್ನ ಹೋದ ವಾರ ಎಲ್ಲಾರ ಮನಿಗೂ ಹೊಳ್ಳಿ ಕಳಿಸ್ಯಾರ. ಕೊಟ್ಟ ಸೀರಿ ಹೊಳ್ಳಿ ಬಂತಂದ್ರ ಸಂಬಂಧ ಮುರದಂಗ್ರಿ ನಮ್ಮೊಳಗ."

"ರೊಕ್ಕಾ ಕೊಟ್ಟು ಕರಿ."

"ಒಲ್ಲೆ ಅಂದವರ ಬಾಗಲಾಗ ಹೋಗಿ ನಿಂದರಲೇನ್ರಿ?"

ಅವನ ಮೇಲೂ ಸಿಟ್ಟು, ಡಾಕ್ಟರ ಮೇಲೂ ಸಿಟ್ಟು. ಬಿಸಿಲಲ್ಲಿ ಡಾಕ್ಟರ ಮನೆಗೆ ಓಡಿದೆ. ಡಾಕ್ಟರು ನನ್ನ ಮಾತು ಮುಗಿಯುವ ಮುಂಚೆಯೇ ಚೀಲ ಎತ್ತಿಕೊಂಡರು. ಸೀರೆ ಯಾಕೆ ವಾಪಸು ಕಳಿಸಿದಿರೆಂದು ದಾರಿಯಲ್ಲಿ ಅವರನ್ನು ಕೇಳಿದೆ.

"ಕರಡು ನನಗೂ ಬಂದಿತ್ರಿ. ಲೈಸೆನ್ಸ್ ಹೋದ್ರ ಈ ಊರಿಗೆ ಡಾಕ್ಟರ ಇರಂಗಿಲ್ಲ, ಅದಕ್ಕ ಕಳಿಸಿದೆ. ಕರೀಬ್ಯಾಡ್ರಿ ಅಂತ ನಾ ಎಲ್ಲಿ ಅಂದೀನ್ರಿ?"

ಅದು ಇನ್ನೂ ಕಾಯಿದೆಯೇ ಆಗಿರಲಿಲ್ಲ.

ಪೆನಿಸಿಲಿನ್ ಕೊಟ್ಟರು. ಹಗಲೆಲ್ಲ ನೀಲವ್ವನ ನಾಡಿ ಹಿಡಿದು ಕೂತೆ. ಒಮ್ಮೆ ಅದು ಬೆರಳಿಗೆ ಸಿಗದೇ ಹೋದಾಗ ಕುತ್ತಿಗೆಯ ಬಳಿ ತಡಕಿ ಹುಡುಕಿದೆ. ಮರುದಿನ ಮಧ್ಯಾಹ್ನ ಅವಳು ಕಣ್ಣು ಬಿಟ್ಟು ಕೂಸನ್ನು ಕೇಳಿದಳು. ವೀರಪ್ಪ ಗೋಡೆಗೆ ಮುಖ ಮಾಡಿ ಅತ್ತ.

ಓಣಿಯಲ್ಲಿ ಇನ್ನೆಷ್ಟು ಮನೆಗಳಲ್ಲಿ ಹೀಗಿದೆಯೋ ಎಂದು ಹೆದರಿ ಅಲ್ಲಿಂದಲೇ ಹೊರಟೆ. ಮೂರನೆಯ ಮನೆಯಲ್ಲಿ ನೂಲು ಸುತ್ತುತ್ತ ಕೂತಿದ್ದ ಹೆಂಗಸಿಗೆ ಕೇಳಿದೆ: "ಮನಿಯಾಗ ಯಾರಿಗರ ಜಡ್ಡದ ಏನವ್ವಾ? ಡಾಕ್ಟರು ಬರತಾರ, ಕರೀರಿ."

ಅವಳು ತಲೆ ಎತ್ತಲಿಲ್ಲ. "ಈಗ ಬಂದೀರೇನ್ರಿ? ಕೂಸಿಗೆ ಭಾಳ ಕೆಮ್ಮಿತ್ತು. ಮೊನ್ನಿ ಮಣ್ಣ ಮಾಡಿ ಬಂದ್ವಿ."

ಫೀ ಬದಲು ಸೀರೆ ಕೊಡುವ ಪದ್ಧತಿಯನ್ನು ಮುಟ್ಟಬಾರದೆಂದು ವರದಿಯಲ್ಲಿ ಬರೆದೆ. ಮುಂದೆ ಆ ಕರಡಿನ ಸುದ್ದಿ ನಮ್ಮ ತಾಲ್ಲೂಕಿಗೆ ಬರಲಿಲ್ಲ. ಆದರೆ ನಿವೃತ್ತಿಯಾಗುವವರೆಗೂ, ವೈದ್ಯಕೀಯ ಖರ್ಚು ಇಳಿದಿದೆ ಎಂದು ಯಾರಾದರೂ ಹೇಳಿದರೆ ನಾನು ಆ ಮನೆಗಳಿಗೆ ಹೋಗಿ ಮಕ್ಕಳೆಲ್ಲ ಇದ್ದಾರೆಯೇ ಎಂದು ಮೊದಲು ನೋಡುತ್ತಿದ್ದೆ. ಆ ಮೂರನೆಯ ಮನೆಯಲ್ಲಿ ಆ ವರ್ಷ ಡಾಕ್ಟರಿಗೆಂದು ಒಂದು ಬಿಡಿಗಾಸೂ ಖರ್ಚಾಗಿರಲಿಲ್ಲ.