ಹೊಟ್ಟೆಕಿಚ್ಚಿಗೊಂದು ಗಂಟು

ಬೆಳಗಿನ ಐದೂವರೆ. ಮುದ್ರಣಾಲಯದ ಹಿಂದಿನ ಓಣಿಯಲ್ಲಿ ಒಂದು ಷಟರ್ ಅರ್ಧ ಮಾತ್ರ ಮೇಲೆ ಹೋಗಿದೆ. ತಲೆ ಬಗ್ಗಿಸಿ ಒಳಹೊಕ್ಕರೆ ಮೊದಲು ಮೂಗಿಗೆ ತಾಗುವುದು ಕುದಿಯುವ ಮೈದಾ ಅಂಟಿನ ವಾಸನೆ. ಸ್ಟೌ ಮುಂದೆ ನಿಂತ ಐವತ್ತನಾಲ್ಕರ ಹೆಂಗಸು ಮರದ ಸೌಟಿನಿಂದ ಅದನ್ನು ತಿರುವುತ್ತಾ, ಪುಸ್ತಕಕ್ಕೆ ಹುಳು ಹಿಡಿಯದಿರಲೆಂದು ಚಿಟಿಕೆ ಮೈಲುತುತ್ತ ಉದುರಿಸುತ್ತಾರೆ. ಆಮೇಲೆ ಸ್ಟೂಲಿನ ಮೇಲೆ ಕುಳಿತು, ದಾರಕ್ಕೆ ಮೇಣ ಸವರಿ, ಸೂಜಿಗೆ ಪೋಣಿಸಿ, ಮೊದಲ ಪುಸ್ತಕದ ಬೆನ್ನಿಗೆ ಚುಚ್ಚುತ್ತಾರೆ. ನಾಲ್ಕು ಹೊಲಿಗೆ ಹಾಕಿರಬಹುದು, ಕೈ ನಿಲ್ಲುತ್ತದೆ. ಮೇಜಿನ ಮೊಳೆಗೆ ನೇತುಹಾಕಿದ ಇನ್ನೊಂದು ತುಂಡು ದಾರ ಎಳೆದುಕೊಂಡು ಅದಕ್ಕೊಂದು ಗಂಟು ಬಿಗಿಯುತ್ತಾರೆ. ಅದು ಪುಸ್ತಕದ ದಾರವಲ್ಲ.

"ಬಂತು ನೋಡಿ," ಎನ್ನುತ್ತಾರೆ ನನ್ನ ಕಡೆ ತಿರುಗಿ. "ಇವತ್ತಿನ ಮೊದಲ್ನೇದು. ನೀವು ಕಾಲ ಮೇಲೆ ಕಾಲು ಹಾಕ್ಕೊಂಡು ಆರಾಮಾಗಿ ಕೂತಿದ್ದೀರಲ್ಲ ಮೇಡಂ, ಅದನ್ನ ನೋಡಿ ಬಂತು."

ನಾನು ಕಾಲು ಕೆಳಗಿಳಿಸುತ್ತೇನೆ. ಅವರು ಮತ್ತೆ ಸೂಜಿ ಎತ್ತಿಕೊಳ್ಳುತ್ತಾರೆ.

ಓಣಿಯವರಿಗೆಲ್ಲ ಇವರು ಬೈಂಡಿಂಗ್ ಅಮ್ಮ. ಪುಸ್ತಕ ಹೊಲಿಯಲು ಕೂತು ಮೂವತ್ತೊಂದು ವರ್ಷವಾಯಿತು. ಹದಿನಾರು ಪುಟ ಅಚ್ಚಾದ ದೊಡ್ಡ ಹಾಳೆಯನ್ನು ಮಡಚಿದರೆ ಅದು ಒಂದು ಫಾರಂ. ಅಂಥ ಹನ್ನೆರಡು ಫಾರಂ ಸೇರಿಸಿ ಹೊಲಿದರೆ ಒಂದು ಪುಸ್ತಕ. ದಿನಕ್ಕೆ ನಲವತ್ತು ಪುಸ್ತಕ, ಎಂದರೆ ನಾನೂರ ಎಂಬತ್ತು ಫಾರಂ ಇವರ ಬೆರಳ ಕೆಳಗೆ ಹಾದುಹೋಗುತ್ತವೆ. ಈಗ ಹೆಚ್ಚಿನ ಪುಸ್ತಕಗಳಿಗೆ ಯಂತ್ರ ಗೋಂದು ಬಳಿದು ಕಳಿಸುತ್ತದೆ. ಬಹಳ ಕಾಲ ಬಾಳಬೇಕಾದವು ಮತ್ತು ಬಾಳಿ ಸುಸ್ತಾದವು ಮಾತ್ರ ಈ ಮೇಜಿಗೆ ಬರುತ್ತವೆ. ಬಲಗೈಯ ತೋರುಬೆರಳಿನಲ್ಲಿ ದಾರ ಕೊರೆದ ಗೀರು ಇದೆ. ಅದರಲ್ಲಿ ಒಂದು ಪೆನ್ಸಿಲ್ ಮೊನೆ ಕೂರಬಹುದು. ಪುಸ್ತಕದ ಒಳಗೆ ಬರೆದವರ ಹೆಸರಿದೆ, ಅಚ್ಚು ಹಾಕಿದವರ ಹೆಸರಿದೆ. ಹೊಲಿದವರ ಹೆಸರು ಹಾಕುವ ಪದ್ಧತಿ ಇಲ್ಲ.

ನಾನೇನೂ ಖುಷಿಯಿಂದ ಇಲ್ಲಿಗೆ ಬಂದವಳಲ್ಲ. ನಮ್ಮ ಪತ್ರಿಕೆಯ ಭಾನುವಾರದ ಪುರವಣಿಯ ಮುಖಪುಟ ಈ ವಾರವೂ ನನ್ನ ಪಕ್ಕದ ಮೇಜಿನವಳ ಪಾಲು. ಅವಳಿಗೆ ಸಮುದ್ರದಾಳದಲ್ಲಿ ಈಜುವವರ ಸಂದರ್ಶನ, ನನಗೆ ಮೈದಾ ಅಂಟು. ಬಸ್ಸಿನಲ್ಲಿ ಬರುವಾಗಲೇ ಹೊಟ್ಟೆಯಲ್ಲಿ ಖಾರ ಅರೆದಂತಿತ್ತು. ಇಲ್ಲಿ ನೋಡಿದರೆ ಈಕೆ ತನ್ನ ಹೊಟ್ಟೆಕಿಚ್ಚನ್ನು ಮೊಳೆಗೆ ನೇತುಹಾಕಿ ಬಂದವರಿಗೆಲ್ಲ ತೋರಿಸುತ್ತಾರೆ. ಅವರ ಆ ನಿರಾಳ ಕಂಡು ನನಗೆ ಅದಕ್ಕೂ ಹೊಟ್ಟೆ ಉರಿಯಿತು.

ನಾಲ್ಕು ವರ್ಷದ ಹಿಂದೆ ಮಾರುಕಟ್ಟೆಯ ಆಚೆಗಿರುವ ಬೌದ್ಧ ಅಧ್ಯಯನ ಕೇಂದ್ರದಿಂದ ಒಂದು ಚೀಲ ಹಳೆಯ ಪುಸ್ತಕಗಳು ರಿಪೇರಿಗೆ ಬಂದವು. ಅದರಲ್ಲೊಂದರ ದಾರ ಪೂರ್ತಿ ಕಳಚಿ ಫಾರಂಗಳು ಚೆಲ್ಲಾಪಿಲ್ಲಿಯಾಗಿದ್ದವು. ಪುಟದ ಸಂಖ್ಯೆಗಳನ್ನು ಹುಳು ತಿಂದಿತ್ತು. ಯಾವುದರ ಮುಂದೆ ಯಾವುದು ಎಂದು ತಿಳಿಯಲು ಓದದೆ ಬೇರೆ ದಾರಿ ಇರಲಿಲ್ಲ.

"ಮನಸ್ಸಿಗೆ ಹತ್ತೋ ಕೊಳೆಗಳ ಪಟ್ಟಿ ಅದು. ಹದಿನಾರು. ಆಹಾ, ಒಂದು ಫಾರಂಗೆ ಸರಿಹೋಯ್ತು ಅಂತ ನಗ್ತಾ ಓದ್ತಿದ್ದೆ. ದುರಾಸೆ, ಕೋಪ, ಹಗೆ... ಇವೆಲ್ಲ ಬೇರೆಯವರ ಸುದ್ದಿ ಅನ್ನಿಸ್ತು. ಏಳನೇದು ಅಸೂಯೆ. ಯಾರೋ ಹಿಂದಿನಿಂದ ನನ್ನ ಹೆಸರು ಹಿಡಿದು ಕರೆದ ಹಾಗಾಯ್ತು ಮೇಡಂ."

ಪುಸ್ತಕ ವಾಪಸು ಕೊಡಲು ಹೋದವರು ಅಲ್ಲಿನ ಭಾನುವಾರದ ತರಗತಿಯ ಕೊನೆಯ ಸಾಲಿನಲ್ಲಿ ಕುಳಿತುಬಿಟ್ಟರು. ಪಾಠ ಹೇಳುವವರು ವಯಸ್ಸಾದ ಒಬ್ಬ ಭಿಕ್ಖುಣಿ. ಅಸೂಯೆ ದ್ವೇಷದ ಮನೆತನದ ಕೂಸು, ಇನ್ನೊಬ್ಬರ ಏಳಿಗೆ ಕಂಡರೆ ಎದ್ದು ಕೂರುತ್ತದೆ, ಅದನ್ನು ಅಟ್ಟಲೂ ಬೇಡ, ಬಚ್ಚಿಡಲೂ ಬೇಡ, ಬಂದಾಗ ಬಂದಿದೆ ಎಂದು ಗುರುತಿಸು ಎಂದು ಅವರು ಕಲಿಸಿದರು. ಸೂಜಿ ಹಿಡಿದ ಕೈಗೆ ಗುರುತಿಸುವುದೆಂದರೆ ಗಂಟು ಹಾಕುವುದು. ಮೊದಲ ದಿನ ಅರವತ್ತಮೂರು ಗಂಟು ಬಿದ್ದವು, ದಾರ ಸಾಲಲಿಲ್ಲ. ಈಗ ದಿನಕ್ಕೆ ಹನ್ನೆರಡೋ ಹದಿನಾಲ್ಕೋ. ನಾಲ್ಕು ವರ್ಷದ ದಾರಗಳೆಲ್ಲ ಒಂದು ಬಿಸ್ಕತ್ತಿನ ಡಬ್ಬಿಯಲ್ಲಿವೆ.

ದಾರಿ ಸಲೀಸಾಗಿರಲಿಲ್ಲ. ಇನ್ನೊಬ್ಬರ ಸುಖಕ್ಕೆ ಸಂತೋಷಪಡುವ ಅಭ್ಯಾಸವೊಂದಿದೆ, ಮುದಿತೆ ಎನ್ನುತ್ತಾರೆ. ನಿಮಗೆ ಪ್ರಿಯರಾದ ಒಬ್ಬರನ್ನು ನೆನೆದು ಶುರುಮಾಡಬೇಕು, ಕಂಡರಾಗದವರ ಸರದಿ ಆಮೇಲೆ. ಇವರಿಗೆ ಅವಸರ. ನೇರವಾಗಿ 'ಅವಳನ್ನು' ನೆನೆದು ಕಣ್ಣುಮುಚ್ಚಿದರು. ಐದು ನಿಮಿಷಕ್ಕೆ ಎದೆಯುರಿ ಬಂದು ಎದ್ದು ನೀರು ಕುಡಿದರು. "ಭಿಕ್ಖುಣಿಯಮ್ಮ ಚೆನ್ನಾಗಿ ಬೈದ್ರು. 'ಹೊಲಿಗೆ ಹಾಕೋ ಮೊದ್ಲೇ ಯಾರಾದ್ರೂ ರಟ್ಟು ಅಂಟಿಸ್ತಾರೇನೇ?' ಅಂದ್ರು. ನನ್ನ ಕೆಲಸದ ಮಾತಲ್ಲೇ ನನಗೆ ಬುದ್ಧಿ ಹೇಳಿದ್ರು."

ಅವಳು ಎಂದರೆ ಇವರ ಓರಗಿತ್ತಿ, ಗಂಡನ ತಮ್ಮನ ಹೆಂಡತಿ. ಒಂದೇ ಮನೆ. ಮೇಲೆ ಇವರು, ಕೆಳಗೆ ಅವರು, ಬೀದಿಬಾಗಿಲು ಇಬ್ಬರಿಗೂ ಒಂದೇ, ಒಳಗಿನಿಂದಲೂ ತೆರೆಯುವ ಅದರ ಬೀಗಕ್ಕೆ ಇಬ್ಬರ ಹತ್ತಿರವೂ ಕೀಲಿ. ಮದುವೆಯಾಗಿ ಬಂದ ಮರುವರ್ಷ ಅವಳನ್ನು ಈ ಕೆಲಸಕ್ಕೆ ಸೇರಿಸಿದವರೂ ಇವರೇ.

"ಕೈ ಹಿಡಿದು ನಾನೇ ಕಲಿಸಿದ್ದು. ಆರೇ ತಿಂಗಳಿಗೆ ನನ್ನನ್ನ ಮೀರಿಸಿಬಿಟ್ಲು. ನಾನು ಮೂವತ್ತು ಪುಸ್ತಕ ಮುಗಿಸೋವಾಗ ಅವಳದು ಐವತ್ತು. ಪ್ರೆಸ್ಸಿನ ಸಾಹುಕಾರ್ರು ಅವಳಿಗೆ ಮಿಂಚು ಅಂತ ಹೆಸರಿಟ್ರು. ನನಗೆ ಏನಿಟ್ರು ಗೊತ್ತಾ? ಮಿಂಚಿನ ಅಕ್ಕ!"

ನಗುತ್ತಾರೆ. ನಗುತ್ತಲೇ ಗಂಟು ಹಾಕುತ್ತಾರೆ.

ಮೊದಲ ದಿನ ಇಷ್ಟೇ. ಎರಡನೆಯ ಬೆಳಿಗ್ಗೆ ನಾನು ಹೋದಾಗ ಸ್ಟೌ ಹಚ್ಚಿರಲಿಲ್ಲ. ಖಾಲಿ ಮೇಜಿನ ಮುಂದೆ ನಿಂತು, ಹತ್ತೊಂಬತ್ತು ವರ್ಷದ ಹಿಂದಿನ ಒಂದು ಮಧ್ಯಾಹ್ನವನ್ನು ಕೈಯಲ್ಲೇ ತೋರಿಸತೊಡಗಿದರು. ಶಾಲೆಯ ವಿಜ್ಞಾನ ಪುಸ್ತಕ, ನಾನೂರು ಪ್ರತಿ. ಮೇಜಿನ ಮೇಲೆ ಸಾಲಾಗಿ ಹನ್ನೆರಡು ಗುಡ್ಡೆ. ಮೇಜಿನುದ್ದಕ್ಕೂ ನಡೆಯುತ್ತಾ ಪ್ರತಿ ಗುಡ್ಡೆಯಿಂದ ಒಂದೊಂದು ಫಾರಂ ಎತ್ತಿಕೊಂಡರೆ ಕೊನೆಗೆ ಕೈಯಲ್ಲಿ ಒಂದು ಪುಸ್ತಕ. ಅವತ್ತು ಆ ಕೆಲಸ ಮಿಂಚಿನದು.

"ಗುಡ್ಡೆ ಜೋಡಿಸಿಟ್ಟು ಅವಳು ನೀರು ಕುಡಿಯೋಕೆ ಹೋದ್ಲು. ನಾನು ಆರನೇ ಗುಡ್ಡೇನೂ ಏಳನೇ ಗುಡ್ಡೇನೂ ಅದಲುಬದಲು ಮಾಡಿಬಿಟ್ಟೆ. ಹತ್ತು ಪುಸ್ತಕ ಆಗೋದ್ರೊಳಗೆ ಗೊತ್ತಾಗುತ್ತೆ, ಸಾಹುಕಾರ್ರು ಒಂದು ಸಲ ಬೈತಾರೆ, ನನಗೆ ಅಷ್ಟು ಸಾಕು ಅಂದ್ಕೊಂಡಿದ್ದೆ."

ಗೊತ್ತಾಗಲಿಲ್ಲ. ತಾನೇ ಜೋಡಿಸಿಟ್ಟ ಮೇಜಿನ ಮೇಲೆ ಮಿಂಚಿಗೆ ಅಷ್ಟು ನಂಬಿಕೆ, ಕಣ್ಣು ಹಾಯಿಸದೆ ಕೈ ಓಡುತ್ತಿತ್ತು. ನಾನೂರು ಪುಸ್ತಕಗಳು ಹೂವಿನ ಪಾಠದ ನಡುವೆ ಅಯಸ್ಕಾಂತ ತುಂಬಿಕೊಂಡು ಶಾಲೆಗಳಿಗೆ ಹೋಗಿ, ಹೋದ ಹಾಗೇ ವಾಪಸು ಬಂದವು. ಎಲ್ಲರೆದುರು ಅವಳನ್ನು ನಿಲ್ಲಿಸಿ ಕೆಲಸ ಬಿಡಿಸಿದರು.

"ಹೇಳೋಣ ಅಂತ ಬಾಯಿ ತೆಗೆದೆ ಮೇಡಂ, ಸುಳ್ಳಲ್ಲ. ಅಷ್ಟರಲ್ಲಿ ಸಾಹುಕಾರ್ರು ಅವಳಿಗೆ 'ನಿನ್ನ ಅಕ್ಕನ್ನ ನೋಡಿ ಕಲಿ' ಅಂದ್ರು. ಏಳು ವರ್ಷದಲ್ಲಿ ಮೊದಲ್ನೇ ಸಲ. ತೆಗೆದ ಬಾಯಿ ಮುಚ್ಕೊಂಡೆ."

ಮಿಂಚು ಈಗ ವಸತಿ ಶಾಲೆಯೊಂದರ ಅಡುಗೆಮನೆಯಲ್ಲಿ ನಸುಕಿನಿಂದಲೇ ಪಾತ್ರೆ ತೊಳೆಯುತ್ತಾಳೆ. ಬೇರೆ ಬೈಂಡಿಂಗಿನವರು ಕರೆದರೂ ಹೋಗಲಿಲ್ಲ. "ಪಾತ್ರೆಗೆ ಪುಟದ ನಂಬರ್ ಇರಲ್ವಲ್ಲ ಅಕ್ಕ, ತಪ್ಪೋ ಭಯ ಇಲ್ಲ" ಎಂದಳಂತೆ. ತಪ್ಪು ತನ್ನದೇ ಎಂದು ಅವಳು ಅನುಮಾನವಿಲ್ಲದೆ ನಂಬಿದ್ದಾಳೆ. ಅಂದಿನಿಂದ ತನ್ನ ಕೈಯನ್ನು ಮಾತ್ರ ನಂಬುವುದಿಲ್ಲ. ಗ್ಯಾಸ್ ಆರಿಸಿದ್ದನ್ನು ಮೂರು ಸಲ ಮುಟ್ಟಿ ನೋಡುತ್ತಾಳೆ. ಬೀದಿಬಾಗಿಲಿಗೆ ಬೀಗ ಹಾಕಿ ಮೂರು ಸಲ ಎಳೆಯುತ್ತಾಳೆ, ತಿರುವಿನವರೆಗೆ ಹೋಗಿ ಮತ್ತೆ ಬಂದು ಎಳೆಯುತ್ತಾಳೆ. ಮೇಲಿನ ಕಿಟಕಿಗೆ ತಲೆಯೆತ್ತಿ, "ಅಕ್ಕಾ, ನಾನು ಬೀಗ ಹಾಕಿದ್ನಾ?" ಎಂದು ಕೂಗುತ್ತಾಳೆ. ಹತ್ತೊಂಬತ್ತು ವರ್ಷದಿಂದ ಈಕೆ, "ಹಾಕಿದ್ದೀಯ, ಹೋಗು" ಎನ್ನುತ್ತಿದ್ದಾರೆ.

"ಇಷ್ಟೆಲ್ಲ ಆದ್ಮೇಲೂ ಅವಳ ಮೇಲಿನ ಕಿಚ್ಚು ಆರಿಲ್ಲ ನೋಡಿ. ಆ ಶಾಲೆ ಮಕ್ಕಳು ಅವಳನ್ನ ಕಂಡ್ರೆ ಓಡಿ ಬಂದು ತಬ್ಕೋತಾರೆ. ಅದಕ್ಕೂ ಗಂಟು."

ಕರುಳು ಕಿವುಚಬೇಕಿತ್ತು. ಆದರೆ ನನ್ನ ತಲೆಗೆ ಮೊದಲು ಹೊಳೆದದ್ದು, ಇದು ಮುಖಪುಟದ ಲೇಖನ, ಪಕ್ಕದ ಮೇಜಿನವಳು ಉರಿದುಹೋಗಬೇಕು ಎಂದು. ಮುಖದ ಮೇಲೆ ಅದು ಅಚ್ಚಾಗಿತ್ತೋ ಏನೋ. ಬೈಂಡಿಂಗ್ ಅಮ್ಮ ಒಂದು ತುಂಡು ದಾರ ಕತ್ತರಿಸಿ ನನ್ನ ಮುಂದಿಟ್ಟರು. "ನೀವೂ ಒಂದು ಹಾಕ್ಕೊಂಡ್ಬಿಡಿ ಮೇಡಂ, ನಾಚ್ಕೋಬೇಡಿ."

ಆಮೇಲೆ ವಿಷಯಕ್ಕೆ ಬಂದರು. "ಇದನ್ನೆಲ್ಲ ಪತ್ರಿಕೇಲಿ ಹಾಕಿಬಿಡಿ. ಭಾನುವಾರ ಅವಳೇ ಓದ್ಕೊಳ್ಳಲಿ."

"ನೀವೇ ಹೇಳಬಾರದೇ?"

"ಭಿಕ್ಖುಣಿಯಮ್ಮನೂ ನಾಲ್ಕು ತಿಂಗಳಿಂದ ಅದನ್ನೇ ಹೇಳ್ತಿದ್ದಾರೆ. ಗುರುತಿಸಿದ ಕೊಳೇನ ತೊಳೀಬೇಕಲ್ಲ ಅಂತಾರೆ." ಸೂಜಿಯನ್ನು ಮೇಜಿನ ಮೇಲಿಟ್ಟರು. "ನಿಮ್ಮ ಪೇಪರ್ ಹಿಂದೆ ಬಚ್ಚಿಟ್ಟುಕೊಳ್ಳೋಣ ಅಂತ ನೋಡ್ತಿದ್ದೀನಿ, ಅಲ್ವಾ? ಅದೂ ಪಟ್ಟೀಲಿದೆ. ಒಂಬತ್ತನೇದು, ಕಪಟ."

ಅವಳು ಓದುವ ಮೊದಲು ಊರು ಓದಬಾರದು, ನೀವೇ ಅವಳಿಗೆ ಹೇಳುವವರೆಗೆ ನಾನು ಬರೆಯುವುದಿಲ್ಲ ಎಂದೆ. ದೊಡ್ಡತನದಿಂದ ಹೇಳಿದ ಮಾತಲ್ಲ, ಹೇಳಿ ಮುಗಿಸಿ ಅವರು ಕೊಟ್ಟ ದಾರಕ್ಕೆ ಒಂದು ಗಂಟು ಹಾಕಿದೆ. ಆ ವಾರದ ಜಾಗವೂ ಪಕ್ಕದ ಮೇಜಿನವಳಿಗೇ ಹೋಯಿತು.

ಮುಂದಿನ ವಾರ ಹೋದಾಗ ಬೈಂಡಿಂಗ್ ಅಮ್ಮನ ಕಣ್ಣುಗಳು ಊದಿಕೊಂಡಿದ್ದವು. ಹಿಂದಿನ ಸಂಜೆ ಮಹಡಿಯ ಮೇಲೆ ಇಬ್ಬರೂ ಒಣಗಿದ ಬಟ್ಟೆ ಮಡಚುತ್ತಿದ್ದಾಗ ಹೇಳಿಬಿಟ್ಟಿದ್ದರು. ನೀರಿಗೆ ಹೋದದ್ದು, ಗುಡ್ಡೆ ಬದಲಿಸಿದ್ದು, ಬಾಯಿ ಮುಚ್ಚಿಕೊಂಡದ್ದು, ಎಲ್ಲ.

"ಬೈತಾಳೆ, ಹೊಡೀತಾಳೆ ಅಂತ ಕಾಯ್ತಿದ್ದೆ. ಕೈಯಲ್ಲಿದ್ದ ದುಪ್ಪಟಿ ಕೆಳಗೆ ಬಿತ್ತು. ತನ್ನ ಎರಡೂ ಕೈ ಮುಂದೆ ಹಿಡ್ಕೊಂಡು ನೋಡಿದ್ಲು. 'ಹಾಗಾದ್ರೆ ನನ್ನ ಕೈ ಸರಿ ಇತ್ತಾ ಅಕ್ಕ?' ಅಂದ್ಲು. ಅದೊಂದೇ ಮಾತು. ಇತ್ತು ಕಣೇ, ನಿನ್ನ ಕೈ ಸರಿಯಾಗೇ ಇತ್ತು ಅಂದೆ. ದುಪ್ಪಟಿ ಎತ್ಕೊಂಡು ಕೆಳಗೆ ಹೋಗಿಬಿಟ್ಲು."

ಇವತ್ತೂ ನಸುಕಿನಲ್ಲಿ ಇವರು ಹೊರಡುವ ಮೊದಲೇ ಅವಳು ಕೆಲಸಕ್ಕೆ ಹೊರಟಳಂತೆ. ಇವರು ಮೇಲಿನ ಕಿಟಕಿಯ ಹಿಂದೆ ನಿಂತಿದ್ದರು. "ಬೀಗ ಹಾಕಿದ್ಲು. ಒಂದು ಸಲ ಎಳೆದ್ಲು. ಒಂದೇ ಸಲ ಮೇಡಂ! ತಿರುವಿನವರೆಗೂ ಹೋದ್ಲು, ವಾಪಸ್ ಬರ್ತಾಳೆ ಅಂತ ನೋಡ್ತಾ ನಿಂತಿದ್ದೆ. ಬರಲೇ ಇಲ್ಲ. ಬೀಗದ ಕಡೆ ತಿರುಗಿ ನೋಡಲಿಲ್ಲ, ನನ್ನ ಕಡೆಯೂ ನೋಡಲಿಲ್ಲ." ಸೆರಗಿನಿಂದ ಮೂಗು ಒರೆಸಿಕೊಂಡರು. "ಅಷ್ಟು ಹಗುರವಾಗಿ ನಡ್ಕೊಂಡು ಹೋದ್ಲು. ನಾನು ಯಾವತ್ತಾದ್ರೂ ಹಾಗೆ ನಡೆದಿದ್ದೀನಾ ಅನ್ನಿಸಿ ಹೊಟ್ಟೆ ಉರೀತು." ಮೊಳೆಯ ದಾರದಲ್ಲಿ ಒಂದು ಗಂಟಿತ್ತು.

ಲೇಖನ ಬರೆದು ಮುಗಿಸಿ, ಅಚ್ಚಿಗೆ ಕೊಡುವ ಮೊದಲು ಶಾಲೆಯ ಅಡುಗೆಮನೆಯ ಹಿತ್ತಿಲಿಗೆ ಹೋದೆ. ಮಿಂಚಿಗೆ ನಲವತ್ತಾರು, ನೋಡಲು ಇನ್ನೂ ಚಿಕ್ಕವಳಂತಿದ್ದಾಳೆ. ನಿಮ್ಮ ಒಪ್ಪಿಗೆ ಇಲ್ಲದೆ ಇದು ಬರುವುದಿಲ್ಲ ಎಂದು ಹಾಳೆಗಳನ್ನು ಕೊಟ್ಟೆ. ಸೋಪಿನ ಕೈ ಒರೆಸಿಕೊಂಡು, ನಿಂತಲ್ಲೇ, ಓದುವ ಮೊದಲು ಹಾಳೆಗಳ ಮೂಲೆಯನ್ನು ಹೆಬ್ಬೆರಳಿನಿಂದ ಸರ್ರನೆ ಜಾರಿಸಿದಳು. ನಡುವಿನಿಂದ ಒಂದನ್ನು ಎಳೆದು ಇನ್ನೊಂದರ ಕೆಳಗೆ ಸೇರಿಸಿದಳು.

"ನಾಲ್ಕನೇ ಹಾಳೆ ಮೂರಕ್ಕಿಂತ ಮೊದಲು ಇಟ್ಟಿದ್ದೀರಿ."

ಬಸ್ಸಿನ ಗಡಿಬಿಡಿಯಲ್ಲಿ ನಾನೇ ಮಾಡಿದ ಎಡವಟ್ಟು, ನನಗೆ ಗೊತ್ತೇ ಇರಲಿಲ್ಲ. ಅವಳು ಪೂರ್ತಿ ಓದಿದಳು. ಒಂದು ಕಡೆ ನಿಂತು ಮತ್ತೆ ಓದಿದಳು. "ಹಾಕ್ಕೊಳ್ಳಿ" ಎಂದಳು. "ಅಕ್ಕನ ಜೊತೆ ಮಾತು ಬಿಟ್ಟಿದ್ದೀನಿ ಅಂತಾನೂ ಹಾಕಿ. ಯಾವಾಗ ಶುರುಮಾಡ್ತೀನೋ ಗೊತ್ತಿಲ್ಲ. ಹತ್ತೊಂಬತ್ತು ವರ್ಷ ಅಂದ್ರೆ ಹುಡುಗಾಟವಾ?" ನಾನು ಹೊರಡುವಾಗ ಹಿಂದಿನಿಂದ ಕೂಗಿದಳು. "ಆದ್ರೆ ನನ್ನನ್ನ ಮಿಂಚು ಅಂತಲೇ ಬರೀರಿ."

ಸಂಜೆ ಷಟರ್ ಇಳಿಸುವ ಹೊತ್ತಿಗೆ ಬೈಂಡಿಂಗ್ ಅಮ್ಮನಿಗೆ ಇದನ್ನೆಲ್ಲ ಹೇಳಿದೆ. ಮಾತು ಬಿಟ್ಟ ವಿಷಯಕ್ಕೆ ತಲೆಯಾಡಿಸಿದರು, ಅದು ಅವರಿಗೆ ಗೊತ್ತಿದ್ದದ್ದೇ. ಹಾಳೆಯ ವಿಷಯಕ್ಕೆ ಮಾತ್ರ ನೆಟ್ಟಗೆ ಕೂತರು.

"ಎಷ್ಟು ಹೊತ್ತಲ್ಲಿ ಕಂಡುಹಿಡಿದ್ಲು?"

"ಓದುವ ಮೊದಲೇ. ಹೆಬ್ಬೆರಳಲ್ಲಿ."

ಅವರ ಕೈ ತಾನಾಗಿ ಮೊಳೆಯ ದಾರಕ್ಕೆ ಹೋಯಿತು. ಗಂಟು ಹಾಕಿ ಬಿಗಿದರು. ಆಮೇಲೆ ಪಕ್ಕದ ಸ್ಟೂಲಿನ ಮೇಲೆ ಪೇರಿಸಿದ್ದ ರಟ್ಟಿನ ತುಂಡುಗಳನ್ನೆಲ್ಲ ಎತ್ತಿ ನೆಲಕ್ಕಿಟ್ಟರು. ಆ ರಟ್ಟಿನಡಿ ಒಂದು ಸ್ಟೂಲಿತ್ತೆಂದು ಇಷ್ಟು ದಿನ ನನಗೆ ಕಂಡೇ ಇರಲಿಲ್ಲ.

ಕೊನೆಗೆ ಏನಾದರೂ ಆಸೆ ಇದೆಯೇ ಎಂದು ಕೇಳುವುದು ನಮ್ಮ ಕಸುಬಿನ ರೂಢಿ. ಕೇಳಿದೆ.

"ಮಾತಾಡದಿದ್ರೂ ಪರವಾಗಿಲ್ಲ ಮೇಡಂ," ಎಂದರು. "ಇಲ್ಲಿ ನನ್ನ ಪಕ್ಕ ಬಂದು ಕೂತು, ನನಗಿಂತ ಬೇಗ ಹೊಲಿದ್ರೆ ಸಾಕು."