ಸದ್ದಿಲ್ಲದ ಕ್ಯಾಮೆರಾ ಮತ್ತು ಕಣ್ಣು ಬಿಡದ ಆಯಿ

ಹಳೆಯ ಕ್ಯಾಮೆರಾ ನನ್ನ ಕೊರಳಿಗೆ ಕಟ್ಟಿದ ಬೀಸುಕಲ್ಲು. ಒಂದು ಮದುವೆಯ ಫೋಟೋ ಕೆಲಸ ಮುಗಿಸಿ ರಾಯಚೂರಿಗೆ ಮರಳಿದರೆ ಭುಜಕ್ಕೆ ಮುಲಾಮು ಹಚ್ಚದೆ ನಿದ್ದೆ ಇಲ್ಲ. ಕಡೆಗೆ ಅದನ್ನು ಮಾರಿ, ಒಳಗೆ ಕನ್ನಡಿಯೇ ಇಲ್ಲದ ಮಿರರ್‌ಲೆಸ್ ಒಂದನ್ನು ತಂದೆ. ಲೆನ್ಸ್ ಸಮೇತ ಕೈಚೀಲದಲ್ಲಿ ಕೂರುತ್ತದೆ. ನನ್ನ ಊಟದ ಡಬ್ಬಿಯೇ ಅದಕ್ಕಿಂತ ಭಾರ. ಬೇಕೆಂದರೆ ಸದ್ದೇ ಇಲ್ಲದೆ ಫೋಟೋ ತೆಗೆಯುತ್ತದೆ. ಕೈಗೆ ಬಂದ ದಿನವೇ ಗೊತ್ತಾಯಿತು, ಇದು ನನ್ನದು.

ಅದರ ಮೊದಲ ಕೆಲಸ ಮಾನ್ವಿ ಕಡೆಯ ಕಲ್ಲೂರಿನಲ್ಲಿ, ಅರಿಶಿಣದ ಶಾಸ್ತ್ರ. ಹೊಸಿಲು ದಾಟಿದೆನೋ ಇಲ್ಲವೋ, ಮದುಮಗಳ ಸೋದರಮಾವ ಮುಖ ಸಿಂಡರಿಸಿದರು.

“ಏನ್ರಿ ಮೇಡಂ, ಆಟಗಿ ಸಾಮಾನು ತಂದೀರಿ? ದೇವದುರ್ಗದಿಂದ ಬೀಗರು ಬರಾಕತ್ತಾರ. ದೊಡ್ಡ ಕ್ಯಾಮೆರಾ ಕಂಡ್ರ ನಮಗೂ ಒಂದು ಮರ್ಯಾದಿ.”

ನನಗೆ ಮೈ ಉರಿಯಿತು. “ಮೂರ್ತಿ ಸಣ್ಣದಾದ್ರೂ ಕೀರ್ತಿ ದೊಡ್ಡದ್ರೀ. ಫೋಟೋ ನೋಡಿ ಮಾತಾಡ್ರಿ,” ಎಂದೆ.

ಮದುಮಗಳು ನನ್ನನ್ನು ಪಕ್ಕಕ್ಕೆ ಕರೆದಳು. ತಾಯಿ ಇಲ್ಲದ ಹುಡುಗಿ. ಎಳೆಗೂಸಿನಿಂದ ಸಾಕಿದವಳು ಆಯಿ, ತಾಯಿಯ ತಾಯಿ.

“ಅಕ್ಕಾ, ನನ್ನ ಫೋಟೋ ಹೆಂಗರ ಬರಲಿ. ಆಯಿದು ಕಣ್ಣು ಬಿಟ್ಟಿದ್ದು ಒಂದು ಬೇಕು. ಮನ್ಯಾಗಿರೋವೆಲ್ಲಾ ಕಣ್ಣು ಮುಚ್ಚಿದ್ದ ಅವ. ನಾಳಿ ಹೋಗಾಕಿ ನಾನು.”

ಆಯಿಯ ಕಣ್ಣಿನ ಪೊರೆ ತೆಗೆದ ಡಾಕ್ಟರು ಜೋರು ಬೆಳಕಿಗೆ ಕಣ್ಣು ಕೊಡಬೇಡ ಅಂದಿದ್ದರಂತೆ. ಎಂದೋ ಹೇಳಿದ ಆ ಮಾತನ್ನು ಮುದುಕಿ ಇನ್ನೂ ಬಿಟ್ಟಿರಲಿಲ್ಲ. ನಾನು ಕ್ಯಾಮೆರಾ ಎತ್ತಿದ್ದೇ ತಡ, ಬೆನ್ನು ನೆಟ್ಟಗೆ ಮಾಡಿ ಕಣ್ಣು ಬಿಗಿಯಾಗಿ ಮುಚ್ಚಿದಳು. ಫ್ಲ್ಯಾಶ್ ಇಲ್ಲವೆಂದರೆ ಕೇಳಬೇಕಲ್ಲ!

“ಟಕ್ ಅಂದ್ ಮ್ಯಾಲ ಕಣ್ಣು ತೆಗಿತೀನಿ ಬಿಡವ್ವಾ,” ಅಂದಳು.

ಸದ್ದು ಆರಿಸಿಟ್ಟ ನನ್ನ ಕ್ಯಾಮೆರಾ ಟಕ್ ಅನ್ನುವುದೇ ಇಲ್ಲ. ಮುದುಕಿ ಕಾಯುತ್ತಲೇ ಕೂತಳು. ಅವಳ ಕಾಲ ಬಳಿ ಕೂತಿದ್ದ ಮದುಮಗಳ ಕಣ್ಣು ತುಂಬಿ ಬಂತು. ಥತ್, ಇಷ್ಟಕ್ಕೆ ಸೋಲುವವಳೇ ನಾನು? ಸದ್ದು ಬರುವ ಶಟರಿಗೆ ಬದಲಿಸಿ, ಗೋಡೆಯ ಕಡೆ ಒಂದು ಟಕ್ ಅನ್ನಿಸಿದೆ.

“ಮುಗೀತ್ರೀ ಯವ್ವಾ.”

ಆಯಿ ಉಸಿರು ಬಿಟ್ಟು ಕಣ್ಣು ತೆರೆದಳು. ಮೊದಲು ಕಂಡದ್ದು ಮೊಮ್ಮಗಳ ಒದ್ದೆ ಕೆನ್ನೆ. “ಹುಚ್ಚಿ, ಅಳಬ್ಯಾಡ. ಅರಿಶಿಣ ಎಲ್ಲಾ ಹರದು ಹೋಗ್ತದ,” ಎನ್ನುತ್ತಾ ಬಾಗಿ ಹೆಬ್ಬೆರಳಿನಿಂದ ಒರೆಸಿದಳು. ಅಷ್ಟರಲ್ಲಿ ನಾನು ಸದ್ದು ಆರಿಸಿದ್ದೆ. ಪರದೆಯಲ್ಲಿ ಫೋಕಸ್ ಹುಡುಕುವ ಹಸಿರು ಚೌಕ ತಾನೇ ಹೋಗಿ ಆಯಿಯ ಕಣ್ಣಿನ ಮೇಲೆ ಕೂತಿತು. ಗುಂಡಿ ಒತ್ತಿದೆ. ಯಾರಿಗೂ ಗೊತ್ತಾಗಲಿಲ್ಲ.

ಪರದೆಯ ಮೇಲೆ ಫೋಟೋ ತೋರಿಸಿದಾಗ ಸೋದರಮಾವ ಕನ್ನಡಕ ಹುಡುಕಿದರು. ಆಯಿ ಕ್ಯಾಮೆರಾವನ್ನು ಎರಡೂ ಕೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು.

“ಇಕಿ ನಮ್ಮವ್ವ ಅಲ್ಲೇನ? ಅಕಿ ಕಣ್ಣೂ ಹಿಂಗ ಇದ್ವು.”

ಹುಡುಗಿ ಅವಳ ಮಡಿಲಲ್ಲಿ ಮುಖ ಇಟ್ಟಳು.

“ನಿಮ್ಮವ್ವ ಅಲ್ಲ ಬೇ ಆಯಿ, ನೀನ ಅದು. ನಮ್ಮವ್ವ.”