ಅವ್ವ ಟೀಚರ ಮುಂದೆ ಹಾಡಿದ್ದು

ಕಳೆದ ಭಾನುವಾರ ಸಿರುಗುಪ್ಪದಿಂದ ಒಬ್ಬರು ಬಂದು ಅಂಗೈಯಗಲದ ಲೋಹದ ಪೆಟ್ಟಿಗೆಯೊಂದನ್ನು ನಮ್ಮ ಬಳ್ಳಾರಿಯ ಮನೆಯಲ್ಲಿ ಕೊಟ್ಟು ಹೋದರು. ಮೈಕನ್ನು ಲ್ಯಾಪ್‌ಟಾಪಿಗೆ ಜೋಡಿಸುವ ಆಡಿಯೊ ಇಂಟರ್‌ಫೇಸ್ ಅದು. ಬಂದವರು ಟೀಚರ ಗಂಡ. ಟೀಚರು ತೀರಿಕೊಂಡು ತಿಂಗಳಾಗಿತ್ತು.

ಕುರುಗೋಡಿನ ಕಡೆಯವರಾದ ಟೀಚರು ಇಲ್ಲಿನ ಶಾಲೆಯಲ್ಲಿ ಕಲಿಸುತ್ತ ಕೆಲವು ವರ್ಷ ನಮ್ಮ ಮಹಡಿಯಲ್ಲಿ ಬಾಡಿಗೆಗಿದ್ದರು. ಕರೂರಿನಲ್ಲಿ ನೆಲ್ಲು ಹಚ್ಚುತ್ತ ಬೆಳೆದ ನನ್ನ ಅವ್ವನಿಗೆ ನಾಟಿ ಮಾಡುವಾಗ ಹಾಡುವ ಪದಗಳು ಬಾಯಿಪಾಠ. ಅವನ್ನು ದಾಖಲಿಸುವ ಆಸೆ ನನ್ನದು. ಪತ್ರಿಕೆಯವನು ನಾನು, ಅದು ನನ್ನದೇ ಕೆಲಸ ಎಂದುಕೊಂಡಿದ್ದೆ. ಪಾಠ ರೆಕಾರ್ಡ್ ಮಾಡಲು ಟೀಚರು ಇಟ್ಟುಕೊಂಡಿದ್ದ ಈ ಪೆಟ್ಟಿಗೆಯನ್ನು ಕೇಳಿ ತಂದು, ನನ್ನ ಮೈಕನ್ನು ಅದಕ್ಕೆ ಸಿಕ್ಕಿಸಿ, ವಿಂಡೋಸ್ ಬದಲು ಲಿನಕ್ಸ್ ಹಾಕಿದ್ದ ನನ್ನ ಲ್ಯಾಪ್‌ಟಾಪಿಗೆ ಜೋಡಿಸಿದೆ. ದೀಪ ಹತ್ತಿತು. ಅವ್ವ ಒಂದು ಪದ ಪೂರ್ತಿ ಹಾಡಿದಳು. ಹಾಕಿ ಕೇಳಿದರೆ ಫ್ಯಾನಿನ ಗರಗರ, ಅದರ ಹಿಂದೆಲ್ಲೋ ಅವ್ವ. ಲ್ಯಾಪ್‌ಟಾಪ್ ತನ್ನದೇ ಮೈಕಿನಿಂದ ಧ್ವನಿ ಹಿಡಿದಿತ್ತು.

ಟೀಚರು ಕೆಳಗೆ ಬಂದರು. ಸೌಂಡ್ ಸೆಟ್ಟಿಂಗ್‌ನಲ್ಲಿ ಇನ್‌ಪುಟ್ ಎಂಬಲ್ಲಿ ಪೆಟ್ಟಿಗೆಯ ಹೆಸರನ್ನು ಆರಿಸಿದರು. ಬೇರೆ ಡ್ರೈವರ್ ಸಾಫ್ಟ್‌ವೇರ್ ಬೇಕಿರಲಿಲ್ಲ. ಅವ್ವನನ್ನು ಮಾತಾಡಿಸುತ್ತಲೇ, ಧ್ವನಿ ಅತಿ ಜೋರಾದರೆ ಹತ್ತುವ ಕೆಂಪು ದೀಪ ಮಿನುಗದಷ್ಟಕ್ಕೆ ಗುಂಡಿ ತಿರುಗಿಸಿದರು. ಹೆಡ್‌ಫೋನನ್ನು ಪೆಟ್ಟಿಗೆಗೇ ಸಿಕ್ಕಿಸಿ ಅವಳ ಕಿವಿಗಿಟ್ಟರು. ತನ್ನ ಧ್ವನಿ ಕೇಳಿಸಿಕೊಂಡು ಅವ್ವ ನಕ್ಕಳು, ನನ್ನತ್ತ ತಿರುಗಿ ಅಂದಳು:

"ಇಷ್ಟ ನೋಡಲೇ ಕೆಲಸ. ನೀ ಬರೇ ದೀಪ ನೋಡ್ಕೋತ ಕುಂತಿದ್ದಿ."

ಆ ನಗು ನನಗೆ ಸಿಗಬೇಕಿತ್ತು.

ಆಮೇಲೆ ಸಂಜೆಯಾದರೆ ಅವ್ವ ಮೊಣಕಾಲು ಹಿಡಿದುಕೊಂಡು ಮಹಡಿ ಹತ್ತತೊಡಗಿದಳು. ಟೀಚರು ತಮ್ಮ ಲ್ಯಾಪ್‌ಟಾಪಿನಲ್ಲಿ ರೆಕಾರ್ಡ್ ಮಾಡುತ್ತಿದ್ದರು. ನಾನೆಂದೂ ಕೇಳದ ಪದಗಳು. ಕೆಳಗೆ ತುಸು ಕೇಳಿಬಂದ ಒಂದರಲ್ಲಿ ಕೆಂಚನಗುಡ್ಡದ ಹೊಳೆ ಬರುತ್ತಿತ್ತು, ಮುಂದಿನ ಸಾಲು... ನೆನಪಿಲ್ಲ. ಟೀಚರೂ ಅವಳನ್ನು "ಅವ್ವಾ" ಎಂದೇ ಕರೆಯುತ್ತಿದ್ದರು. ಕೆಳಗೆ ವರದಿ ತಿದ್ದುತ್ತ ಕೂತ ನನಗೆ ಹೊಟ್ಟೆ ಉರಿಯುತ್ತಿತ್ತು. ನನ್ನ ಮುಂದೆ ಯಾಕೆ ಹಾಡುವುದಿಲ್ಲ ಎಂದು ಒಮ್ಮೆ ಕೇಳಿಯೇಬಿಟ್ಟೆ.

"ನೀ ನಡುವ ನಿಲ್ಸಿ, ಯಾರು ಕಲಿಸಿದ್ರು, ಯಾವ ಊರು ಅಂತ ಕೇಳ್ತಿ. ಆಕಿ ಸುಮ್ನ ಕೇಳ್ತಾಳ."

ಟೀಚರಿಗೆ ಸಿರುಗುಪ್ಪಕ್ಕೆ ವರ್ಗವಾಯಿತು. ಅವರ ಲ್ಯಾಪ್‌ಟಾಪ್ ಕೆಟ್ಟು ರೆಕಾರ್ಡ್ ಮಾಡಿದ್ದೆಲ್ಲ ಅಳಿಸಿಹೋಗಿದೆ, ಈ ಪೆಟ್ಟಿಗೆಯನ್ನಾದರೂ ಅವ್ವನ ಮನೆಗೆ ಮುಟ್ಟಿಸಲು ಟೀಚರು ಸಾಯುವ ಮುಂಚೆ ಹೇಳಿದ್ದರು ಎಂದು ಅವರ ಗಂಡ ಆ ಭಾನುವಾರ ತಿಳಿಸಿದರು. ಆ ಪದಗಳನ್ನೆಲ್ಲ ಪೂರ್ತಿ ಕೇಳಿದ್ದವರು ಟೀಚರೊಬ್ಬರೇ...

ಅದೇ ಸಂಜೆ ನಾನು ಪೆಟ್ಟಿಗೆ ಜೋಡಿಸಿದೆ. ಇನ್‌ಪುಟ್ ಸರಿಯಾಗಿ ಆರಿಸಿ, ಹೆಡ್‌ಫೋನನ್ನು ಅವ್ವನ ಕಿವಿಗಿಟ್ಟೆ. ಏನೂ ಕೇಳುವುದಿಲ್ಲ, ನಡುವೆ ನಿಲ್ಲಿಸುವುದಿಲ್ಲ ಎಂದೆ. ಅವ್ವ ಹೆಡ್‌ಫೋನು ತೆಗೆದು ಪೆಟ್ಟಿಗೆಯ ಮೇಲಿಟ್ಟಳು.

"ಆಕಿನ ಇಲ್ಲ. ಇನ್ನ ಯಾರ ಮುಂದ ಹಾಡ್ಲಿ?"

ನಾನು ಅವಳ ಎದುರಿಗೇ ಕೂತಿದ್ದೆ. ಅವ್ವ ಇದುವರೆಗೆ ಹಾಡಿಲ್ಲ.